ಆರು ತಿಂಗಳು ನೋಡೋಣ ಅಂದಿದ್ದೆ

ಹಾಸನದಲ್ಲಿ ಮಕ್ಕಳ ಮನೋವೈದ್ಯನಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ, ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಎರಡು ವರ್ಷದ ಹುಡುಗನನ್ನು ಕರೆದುಕೊಂಡು ಬಂದಿದ್ದರು. ಮಾತು ಬಂದಿರಲಿಲ್ಲ. 'ಅವರಪ್ಪನೂ ಮಾತಾಡಿದ್ದು ಲೇಟೇ' ಅಂದರು ಅಜ್ಜಿ. ನಾನೂ ಆರು ತಿಂಗಳು ನೋಡೋಣ ಅಂದುಬಿಟ್ಟೆ. ಅವರು ಮತ್ತೆ ಬಂದಾಗ ಮಗುವಿಗೆ ನಾಲ್ಕು ತುಂಬಿತ್ತು. ತಪ್ಪು ನನ್ನದೇ. ಆಟಿಸಂನ ಸುಳಿವು ಇದೆಯಾ ಅಂತ ನೋಡೋಕೆ 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, ಅವತ್ತೇ ಕೇಳಬಹುದಿತ್ತು, ಹತ್ತು ನಿಮಿಷವೂ ಬೇಕಿರಲಿಲ್ಲ.

ಎರಡನೇ ಸಲ ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತೆ. ಬಿಸ್ಕತ್ತು ಕಾಣುವ ಹಾಗೆ ಒಂದು ಡಬ್ಬಿ ಇಟ್ಟು ಮುಚ್ಚಳ ಬಿಗಿ ಮಾಡಿದೆ. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಡಬ್ಬಿ ಕೊಟ್ಟು ನಮ್ಮ ಮುಖ ನೋಡುತ್ತಾರೆ, ಅಲ್ವಾ? ಅವನು ನನ್ನ ಮಣಿಕಟ್ಟು ಹಿಡಿದು, ಕೈಯನ್ನು ಎಳೆದು ಮುಚ್ಚಳದ ಮೇಲಿಟ್ಟ. ಮುಖದ ಕಡೆ ಒಮ್ಮೆಯೂ ನೋಡಲಿಲ್ಲ.

ಇದೊಂದರಿಂದಲೇ ಆಟಿಸಂ ಅಂತ ಹೇಳೋಕಾಗಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿದೆ, ಸರಿಯಿತ್ತು. ಹೆಸರು ಕರೆದರೆ ತಿರುಗುತ್ತಾನಾ, ಹಸು ಕಂಡರೆ ಬೆರಳು ತೋರಿಸುತ್ತಾನಾ, ಗಾಡಿ ಓಡಿಸದೆ ಬರೀ ಚಕ್ರ ತಿರುಗಿಸುತ್ತಾ ಕೂರುತ್ತಾನಾ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನಾ ಅಂತ ಮನೆಯವರನ್ನೆಲ್ಲ ಕೇಳಿದೆ. ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಆಟಿಸಂ ಗೊತ್ತಾಗೋದಿಲ್ಲ. ನೋಡಬೇಕು, ಕೇಳಬೇಕು, ಅಷ್ಟೇ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಬಳಸುವ ನಮ್ಮ ದೇಶದ ಐಸಾ ಅಳತೆಯಲ್ಲೂ 40 ಅಂಶಗಳನ್ನು ಹೀಗೇ ನೋಡಿ ಅಂಕ ಹಾಕೋದು.

ಎಲ್ಲ ಸೇರಿಸಿ ನೋಡಿ ಇದು ಆಟಿಸಂ ಅಂದಾಗ, 'ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತಾ ಡಾಕ್ಟ್ರೇ?' ಅಂತ ತಾಯಿ ಅತ್ತರು. ಇಲ್ಲ ಅಂತ ನೇರವಾಗಿ ಹೇಳಿದೆ. ಇದು ಮಿದುಳು ಬೆಳೆಯುವ ರೀತಿಯ ವ್ಯತ್ಯಾಸ, ಇದರಲ್ಲಿ ವಂಶವಾಹಿಗಳ ಪಾತ್ರವೇ ಜಾಸ್ತಿ, ತಾಯಿ ಸಾಕಿದ ರೀತಿಯಿಂದ ಬರುವುದಲ್ಲ. ಮೊಬೈಲ್ ಕಡಿಮೆ ಮಾಡಿ ಅಂದಿದ್ದು ಆಟಕ್ಕೆ ಹೊತ್ತು ಸಿಗಲಿ ಅಂತ. ಮಾತು ಬರಿಸುವ ಮಾತ್ರೆಯೂ ಇಲ್ಲ. ತಲೆ ಚಚ್ಚಿಕೊಳ್ಳುವಂಥ ವಿಪರೀತ ಸಿಟ್ಟಿದ್ದರೆ ಮಾತ್ರ ರಿಸ್ಪೆರಿಡೋನ್‌ನಂಥ ಔಷಧಿ ಯೋಚಿಸುತ್ತೇನೆ. ಇವನಿಗೆ ಬೇಕಾಗಲಿಲ್ಲ.

ದಿನಾ ಹಾಸನಕ್ಕೆ ಬಂದು ಥೆರಪಿ ಮಾಡಿಸೋದು ತೋಟದ ಕೆಲಸದವರಿಗೆ ಆಗದ ಮಾತು. ಹಾಗಾಗಿ ತಾಯಿಗೇ ಕಲಿಸಿದೆವು. ಊಟದ ಹೊತ್ತಲ್ಲಿ ತುತ್ತನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ಸುಮ್ನೆ ಐದು ಎಣಿಸಿ, ಅವನು ನೋಡಲಿ, ಕೈ ಚಾಚಲಿ, ಏನೋ ಒಂದು ಸದ್ದು ಮಾಡಲಿ, ತಕ್ಷಣ 'ತುತ್ತು' ಅಂತ ಹೇಳಿ ಕೊಡಿ. ನೋಡದಿದ್ದರೂ ಕೊಡಿ, ಹಸಿವಲ್ಲಿ ಇಡಬೇಡಿ.

ಎಂಟು ತಿಂಗಳಾದ ಮೇಲೆ ಅದೇ ಡಬ್ಬಿ ಇಟ್ಟೆ. ನನ್ನ ಕೈ ಎಳೆದ, ಆಮೇಲೆ ಒಂದು ಕ್ಷಣ ತಲೆ ಎತ್ತಿ ನೋಡಿದ. ಈಗ ಬೆರಳು ತೋರಿಸೋದನ್ನು ಕಲಿಸುತ್ತಿದ್ದೇವೆ.