ಟಿವಿ ಬರುತ್ತದೆ, ನೆಟ್ ಬರುವುದಿಲ್ಲ: ಕೇಬಲ್ ಇಂಟರ್ನೆಟ್ ಉಳ್ಳವರು ಮನೆಯಲ್ಲೇ ನೋಡಿಕೊಳ್ಳಬೇಕಾದದ್ದು

"ಟಿವಿ ಬರ್ತಿದೆಯಲ್ಲ ಸಾರ್, ಹಾಗಾದ್ರೆ ಲೈನ್ ಸರಿಯಾಗೇ ಇದೆ" ಎಂಬ ಮಾತನ್ನು ಕೇಬಲ್ ಇಂಟರ್ನೆಟ್ ಹಾಕಿಸಿಕೊಂಡವರು ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಒಂದು ಮಳೆಗಾಲವಿಡೀ ನಾನೂ ಇದನ್ನು ನಂಬಿಕೊಂಡು ಕುಳಿತಿದ್ದೆ. ಆದರೆ ಟಿವಿ ಬರುವುದಕ್ಕೂ ನೆಟ್ ನಡೆಯುವುದಕ್ಕೂ ಕೇಬಲ್ ಒಂದೇ ಆದರೂ ದಾರಿ ಒಂದೇ ಅಲ್ಲ. ಆ ವ್ಯತ್ಯಾಸ ತಿಳಿದರೆ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ನಾವೇ ಪತ್ತೆ ಹಚ್ಚಬಹುದು.

ಮೊದಲು ನಿಮ್ಮ ಮನೆಗೆ ಬಂದಿರುವ ತಂತಿ ಯಾವುದೆಂದು ನೋಡಿಕೊಳ್ಳಿ. ಈಗ ಅನೇಕ ಕಡೆ ಕೇಬಲ್ ಟಿವಿಯವರೇ ಮನೆಯೊಳಗಿನ ತನಕ ಫೈಬರ್ ಎಳೆದು ಕೊಡುತ್ತಾರೆ. ಮೋಡೆಮ್‌ಗೆ ಚುಚ್ಚುವ ತಂತಿ ತೆಳ್ಳಗಿದ್ದು, ಅದರ ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಪಿನ್ ಇದ್ದರೆ ಅದು ಫೈಬರ್, ಈ ಬರಹ ಅದಕ್ಕೆ ಅನ್ವಯಿಸುವುದಿಲ್ಲ. ಟಿವಿ ಕೇಬಲ್‌ನಂಥದೇ ದುಂಡು ತಂತಿ ಬಂದು, ತಿರುಗಿಸಿ ಬಿಗಿಯುವ ಕನೆಕ್ಟರ್ ಮೂಲಕ ಮೋಡೆಮ್‌ಗೆ ಸೇರಿದ್ದರೆ ಮುಂದಿನ ಮಾತೆಲ್ಲ ನಿಮಗೇ.

ಕೇಬಲ್‌ನವರ ಕಂಟ್ರೋಲ್ ರೂಮಿನಿಂದ ನಿಮ್ಮ ಬಡಾವಣೆಯ ನೋಡ್ ಎಂಬ ಪೆಟ್ಟಿಗೆಯವರೆಗೆ ಸಿಗ್ನಲ್ ಬೆಳಕಾಗಿ ಫೈಬರ್‌ನಲ್ಲಿ ಬರುತ್ತದೆ. ಅಲ್ಲಿಂದಾಚೆಗೆ ರೇಡಿಯೊ ತರಂಗವಾಗಿ ತಾಮ್ರದ ಕೇಬಲ್‌ನಲ್ಲಿ, ಆಂಪ್ಲಿಫೈಯರ್‌ಗಳನ್ನು ದಾಟಿ, ಕಂಬದಿಂದ ಕಂಬಕ್ಕೆ ಹಾದು ನೂರಾರು ಮನೆಗಳಿಗೆ ಹಂಚಿಹೋಗುತ್ತದೆ. ಒಂದು ಟಿವಿ ಚಾನೆಲ್‌ಗೆ ಕೊಡುತ್ತಿದ್ದಷ್ಟೇ ಜಾಗವನ್ನು, ಎಂದರೆ 8 ಮೆಗಾಹರ್ಟ್ಸ್ ಅಗಲವನ್ನು, ಇಂಟರ್ನೆಟ್‌ಗೆ ಬಿಟ್ಟುಕೊಟ್ಟರೆ ಅದರಲ್ಲಿ ಸೆಕೆಂಡಿಗೆ ಸುಮಾರು 50 ಮೆಗಾಬಿಟ್ ಇಳಿಯುತ್ತದೆ. ಇಂಥ ಹಲವು ಚಾನೆಲ್‌ಗಳನ್ನು ಒಟ್ಟಿಗೆ ಬಳಸುವ ಏರ್ಪಾಡು 2006ರ ಡಾಕ್ಸಿಸ್ 3.0ರಲ್ಲಿ ಬಂತು, ಡಾಕ್ಸಿಸ್ ಎಂಬುದು ಕೇಬಲ್ ಮೋಡೆಮ್‌ಗಳೆಲ್ಲ ಪಾಲಿಸುವ ನಿಯಮಾವಳಿ, ಅದರ ಮೊದಲ ಆವೃತ್ತಿ 1997ರದ್ದು.

ಇಷ್ಟು ಇಳಿಯುವ ದಾರಿ. ಏರುವ ದಾರಿಯೇ ಬೇರೆ, ತೊಂದರೆಯ ಬೇರು ಇರುವುದೂ ಬಹುಪಾಲು ಅಲ್ಲೇ. ನೀವು ಒಂದು ಪುಟ ತೆರೆಯಬೇಕಾದರೂ ನಿಮ್ಮ ಮೋಡೆಮ್ ಕಂಟ್ರೋಲ್ ರೂಮಿಗೆ ಕೋರಿಕೆ ಕಳಿಸಬೇಕು, ಮತ್ತು ಆ ಕೋರಿಕೆ ಹೋಗುವುದು ಕೇಬಲ್‌ನ ಕೆಳ ಅಂಚಿನಲ್ಲಿ, ಸಾಮಾನ್ಯವಾಗಿ 5ರಿಂದ 65 ಮೆಗಾಹರ್ಟ್ಸ್‌ನೊಳಗೆ. ಮಿಕ್ಸಿ, ಮೋಟಾರು, ಕಿಡಿ ಹಾರುವ ಸ್ವಿಚ್ಚು ಇವುಗಳ ಗದ್ದಲವೆಲ್ಲ ತುಂಬಿಕೊಳ್ಳುವುದು ಇದೇ ಕೆಳ ಅಂಚಿನಲ್ಲಿ. ಒಂದು ಮನೆಯ ಸಡಿಲ ಕನೆಕ್ಟರ್‌ನಿಂದ ಒಳನುಗ್ಗಿದ ಗದ್ದಲ, ಹಳ್ಳಗಳ ನೀರು ಕೆರೆ ಸೇರುವ ಹಾಗೆ, ಉಳಿದ ಮನೆಗಳದ್ದರ ಜೊತೆ ಕೂಡಿಕೊಂಡು ನೋಡ್‌ಗೆ ಸೇರುತ್ತದೆ. ನಿಮ್ಮ ಮನೆಯ ಜಾಯಿಂಟ್ ಕೆಟ್ಟಿದ್ದರೆ ನೆರೆಯವರ ನೆಟ್ಟಿಗೂ ಪೆಟ್ಟು ಬೀಳಬಹುದು ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಇನ್ನೂ ಒಂದು ಸೂಕ್ಷ್ಮವಿದೆ. ಕೇಬಲ್‌ನ ನಡುವಿನ ತಾಮ್ರದ ಕಡ್ಡಿ ಮುರಿದು ಕೂದಲೆಳೆಯಷ್ಟು ಸಂದು ಬಿಟ್ಟಿದ್ದರೆ, ನೂರಾರು ಮೆಗಾಹರ್ಟ್ಸ್‌ನ ಟಿವಿ ತರಂಗಗಳು ಆ ಸಂದನ್ನು ಹೇಗೋ ದಾಟಿಬಿಡುತ್ತವೆ, ಕೆಳ ಅಂಚಿನ ತರಂಗಗಳು ಮಾತ್ರ ಅಲ್ಲೇ ನಿಂತುಹೋಗುತ್ತವೆ. ಟಿವಿ ಚೊಕ್ಕವಾಗಿ ಬರುತ್ತಾ ನೆಟ್ ಮಾತ್ರ ಬಾರದಿರುವುದಕ್ಕೆ ಇದೊಂದು ಮುಖ್ಯ ಕಾರಣ. ನಮ್ಮ ಮನೆಯಲ್ಲಿ ಆದದ್ದೂ ಅದೇ. ತಾರಸಿಯ ನೀರಿನ ಟ್ಯಾಂಕಿನ ಕೆಳಗೆ ಎರಡು ತುಂಡು ಕೇಬಲ್ ಸೇರಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದಾಗ ಕನೆಕ್ಟರ್‌ನೊಳಗಿಂದ ಎರಡು ಹನಿ ನೀರು ಅಂಗೈಗೆ ಬಿತ್ತು. ಕಡ್ಡಿಯ ತುದಿ ಹಸಿರು ಕಿಲುಬು ಹಿಡಿದು, ಮುಟ್ಟುತ್ತಲೇ ಪುಡಿಯಾಗಿ ಉದುರಿತು.

ಆದ್ದರಿಂದ ಪರೀಕ್ಷೆಯನ್ನು ಜಾಯಿಂಟ್‌ಗಳಿಂದಲೇ ಆರಂಭಿಸಿ. ಮೋಡೆಮ್‌ನ ಕರೆಂಟ್ ತೆಗೆದು, ಅಲ್ಲಿಂದ ಹಿಂದಕ್ಕೆ ಕೇಬಲ್ ಹಿಡಿದುಕೊಂಡು ಹೋಗುತ್ತಾ ಪ್ರತಿ ಕನೆಕ್ಟರ್ ಬಿಚ್ಚಿ ನೋಡಿ: ನಡುವಿನ ಕಡ್ಡಿ ನೆಟ್ಟಗೆ, ಹೊಳಪಾಗಿ, ಕನೆಕ್ಟರ್‌ನ ಅಂಚಿನಿಂದ ತುಸುವೇ ಹೊರಗಿರಬೇಕು, ಹೊರಜಾಲರಿಯ ಒಂದೆಳೆಯೂ ಅದಕ್ಕೆ ತಾಗಬಾರದು. ಕಿಲುಬು ಹಿಡಿದ ತುದಿಯನ್ನು ಉಜ್ಜಿ ಉಪಯೋಗವಿಲ್ಲ, ಒಳ್ಳೆಯ ತಾಮ್ರ ಕಾಣುವ ತನಕ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು. ಕೇಬಲ್ ಮನೆಯೊಳಕ್ಕೆ ನುಗ್ಗುವ ಮುನ್ನ ಅದನ್ನು ಒಂದಿಷ್ಟು ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಕಂಬದ ಮೇಲಿನ ಯಾವುದನ್ನೂ ಮುಟ್ಟಬೇಡಿ. ಆಂಪ್ಲಿಫೈಯರ್‌ಗಳಿಗೆ ಬೇಕಾದ ಕರೆಂಟ್ ಬೀದಿಯ ಮುಖ್ಯ ಕೇಬಲ್‌ನಲ್ಲೇ ಹರಿಯುತ್ತಿರುತ್ತದೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಅನಂತರ ಸ್ಪ್ಲಿಟರ್, ಎಂದರೆ ಒಂದು ಕೇಬಲ್ಲನ್ನು ಹಲವು ಕವಲಾಗಿ ಒಡೆಯುವ ಪುಟ್ಟ ಸಾಧನ. ಎರಡು ಕವಲಿನ ಸ್ಪ್ಲಿಟರ್ ಒಂದೊಂದು ಕವಲಿನಲ್ಲೂ ಸುಮಾರು 3.5 ಡೆಸಿಬಲ್ ತಿನ್ನುತ್ತದೆ, ಎಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಅಲ್ಲೇ ಹೋಯಿತು. ನಾಲ್ಕು ಕವಲಿನದು ಸುಮಾರು 7 ಡೆಸಿಬಲ್. ಮನೆಯೊಳಗೆ ಬಂದ ಕೇಬಲ್ಲಿಗೆ ಮೊದಲು ಎರಡು ಕವಲಿನ ಸ್ಪ್ಲಿಟರ್ ಹಾಕಿ, ಒಂದು ಕವಲನ್ನು ನೇರವಾಗಿ ಮೋಡೆಮ್‌ಗೂ ಇನ್ನೊಂದನ್ನು ಟಿವಿಗಳಿಗೂ ಕೊಡುವುದು ಸರಿಯಾದ ಕ್ರಮ. ಟಿವಿಗೆಂದು ಹಿಂದೆ ಹಾಕಿಸಿದ ಬೂಸ್ಟರ್ ಮೋಡೆಮ್‌ನ ದಾರಿಯಲ್ಲಿದ್ದರೆ ತೆಗೆದುಬಿಡಿ, ಅನೇಕ ಬೂಸ್ಟರ್‌ಗಳು ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಬಿಡುತ್ತವೆ.

ಇದೆಲ್ಲ ಆದ ಮೇಲೆ ಮೋಡೆಮ್ಮನ್ನೇ ಕೇಳಿ. ಬಹುತೇಕ ಕೇಬಲ್ ಮೋಡೆಮ್‌ಗಳಲ್ಲಿ ಬ್ರೌಸರ್‌ನಲ್ಲಿ 192.168.100.1 ಎಂದು ಹಾಕಿದರೆ ಸಿಗ್ನಲ್ ಪುಟ ತೆರೆದುಕೊಳ್ಳುತ್ತದೆ. ಇಳಿಯುವ ಸಿಗ್ನಲ್ಲಿನ ಶಕ್ತಿ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಸಿಗ್ನಲ್ ಶಕ್ತಿ ಅಳೆಯುವ ಮಾನ) ಒಳಗಿದ್ದು, ಗದ್ದಲಕ್ಕೆ ಹೋಲಿಸಿದ ಅದರ ಪ್ರಮಾಣ 33 ಡೆಸಿಬಲ್ ಮೇಲಿದ್ದರೆ ಚಿಂತೆಯಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ಏರುವ ಶಕ್ತಿಯ, ಎಂದರೆ ಅಪ್‌ಸ್ಟ್ರೀಮ್ ಪವರ್‌ನ, ಅಂಕಿಯನ್ನು. ತನ್ನ ದನಿ ಕಂಟ್ರೋಲ್ ರೂಮಿಗೆ ಕೇಳಿಸದಿದ್ದಾಗ ಮೋಡೆಮ್ ದನಿ ಏರಿಸುತ್ತಾ ಹೋಗುತ್ತದೆ, ಹಾಗಾಗಿ ಈ ಅಂಕಿ 50 ದಾಟಿದ್ದರೆ ದಾರಿಯಲ್ಲೆಲ್ಲೋ ಸಿಗ್ನಲ್ ಸೋರುತ್ತಿದೆಯೆಂದು ತಿಳಿಯಿರಿ. ನಮ್ಮಲ್ಲಿ 53 ಇದ್ದದ್ದು ಆ ಒಂದು ಜಾಯಿಂಟ್ ಬದಲಾದ ಮೇಲೆ 44ಕ್ಕೆ ಇಳಿಯಿತು.

ಅಂಕಿಗಳೆಲ್ಲ ಸರಿಯಿದ್ದು ಸಂಜೆ ಮಾತ್ರ ವೇಗ ಕುಸಿಯುತ್ತಿದ್ದರೆ ಅದು ಕೇಬಲ್ಲಿನ ದೋಷವಲ್ಲ, ಒಂದೇ ನೋಡ್‌ನ ಮನೆಗಳೆಲ್ಲ ಒಂದೇ ಹೊತ್ತಿಗೆ ಕುಳಿತಿರುವುದರ ಫಲ. ಮೋಡೆಮ್‌ಗೆ ಲ್ಯಾನ್ ತಂತಿ ಹಾಕಿ ಬೆಳಗಿನ ಐದಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆದು ಮೂರು ದಿನ ಬರೆದಿಡಿ. ಕೇಬಲ್‌ನವರು ಬಂದಾಗ ಆ ಹಾಳೆಯನ್ನೂ ಸಿಗ್ನಲ್ ಪುಟದ ಫೋಟೊವನ್ನೂ ಮುಂದಿಡಿ; ಏರುವ ಅಂಕಿ ಇನ್ನೂ ಹೆಚ್ಚೇ ಇದ್ದರೆ, "ಟಿವಿ ಬರ್ತಿದೆ, ಅಪ್‌ಸ್ಟ್ರೀಮ್ 53 ತೋರಿಸ್ತಿದೆ, ನಮ್ಮ ಮನೆ ಒಳಗಿನ ಜಾಯಿಂಟ್ ಎಲ್ಲ ನೋಡಾಗಿದೆ, ಕಂಬದ ಹತ್ತಿರದ್ದು ಒಮ್ಮೆ ನೋಡಿ" ಎಂದು ಹೇಳಿ.