ಫ್ರೀಬಿಎಸ್‌ಡಿ ಮೇಲೆ ಆರ್, ಆಕ್ಟೇವ್, ನಮ್‌ಪೈ ಹಾಕಿಕೊಳ್ಳುವುದು ಹೇಗೆ

ನಮ್ಮ ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ಮಲೆನಾಡಲ್ಲಿ ತೋಟ ಇರುವವರಿಗೆ ಈ ಲೆಕ್ಕ ಗೊತ್ತೇ ಇದೆ, ಇಷ್ಟು ಇಂಚು ಇಷ್ಟು ಸೆಂಟು ಅಂತ. ನೂರು ಸೆಂಟಿಗೆ ಒಂದು ಇಂಚು. ಆ ಡೈರಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ವರ್ಷದಿಂದ ವರ್ಷಕ್ಕೆ ಜೂನ್ ಮಳೆ ಏನಾಗಿದೆ ಅಂತ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಕೈಗೆ ಸಿಕ್ಕಿದ್ದು ಗೆಳೆಯನೊಬ್ಬ ಕೊಟ್ಟ ಹಳೇ ಡೆಸ್ಕ್‌ಟಾಪ್. ಅದರಲ್ಲಿ ಇದ್ದದ್ದು ವಿಂಡೋಸೂ ಅಲ್ಲ, ಉಬುಂಟುನೂ ಅಲ್ಲ, ಫ್ರೀಬಿಎಸ್‌ಡಿ 14 ಅನ್ನುವ ಆಪರೇಟಿಂಗ್ ಸಿಸ್ಟಂ.

ಅಳಿಸಿ ಉಬುಂಟು ಹಾಕಿಕೊಳ್ಳಬಹುದಿತ್ತು. ಹಾಕಲಿಲ್ಲ, ಅದಕ್ಕೆ ಈಗ ಖುಷಿಯಿದೆ. ನನಗೆ ಅದರ ಮೇಲೆ ಬೇಕಿದ್ದದ್ದು ಆರ್, ಆಕ್ಟೇವ್, ಪೈಥಾನ್ ಭಾಷೆಯ ನಮ್‌ಪೈ, ಮೂರೂ ಅಂಕಿಗಳ ಲೆಕ್ಕ ಮಾಡುವ ಸಾಫ್ಟ್‌ವೇರ್. ನಿಮಗೂ ಲ್ಯಾಬಿನಲ್ಲೋ ಮನೆಯಲ್ಲೋ ಇಂಥ ಮೆಶಿನ್ ಸಿಕ್ಕಿದ್ದರೆ ಹೆದರಬೇಡಿ. ನಾನು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ಹೊರಗೆ ಬಂದೆ ಅಂತ ಬರೆದಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಬೇರೆ ಹೇಳದಿದ್ದರೆ ಎಲ್ಲ ಸಣ್ಣಕ್ಷರ.

ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಇದು ಲಿನಕ್ಸ್ ಅಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ವಂಶದ್ದು, ಮೊದಲ ಬಿಡುಗಡೆ 1993ರಲ್ಲಿ. ಲಿನಕ್ಸಿನಲ್ಲಿ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಒಬ್ಬರದು, ಉಳಿದದ್ದು ಹತ್ತು ಕಡೆಯಿಂದ ತಂದು ಜೋಡಿಸಿದ್ದು. ಇಲ್ಲಿ ಕರ್ನಲ್ಲೂ ಮೂಲ ಕಮಾಂಡ್‌ಗಳೂ ಒಂದೇ ಮನೆಯವು. ನೀವು ಆಮೇಲೆ ಹಾಕಿಕೊಳ್ಳುವ ಸಾಫ್ಟ್‌ವೇರ್ ಎಲ್ಲ ಬೇರೆ ಕೋಣೆಗೆ ಹೋಗುತ್ತದೆ. ಆ ಕೋಣೆಯ ವಿಳಾಸ /ಯುಎಸ್ಆರ್/ಲೋಕಲ್. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ಎರರ್‌ಗಳಲ್ಲಿ ಅರ್ಧಕ್ಕೆ ಉತ್ತರ ಸಿಕ್ಕ ಹಾಗೆಯೇ.

ಶುರು ಮಾಡುವ ಮುಂಚೆ 'ಫ್ರೀಬಿಎಸ್‌ಡಿ-ವರ್ಷನ್' ಅಂತ ಕೊಟ್ಟು ಯಾವ ಆವೃತ್ತಿ ಅಂತ ನೋಡಿಕೊಳ್ಳಿ. ಬೆಂಬಲ ಮುಗಿದ ಆವೃತ್ತಿಯಾಗಿದ್ದರೆ ಮೊದಲು ಅಪ್‌ಗ್ರೇಡ್ ಮಾಡಿ, ಇಲ್ಲದಿದ್ದರೆ ಪ್ಯಾಕೇಜ್‌ಗಳು ಹೊಂದಿಕೊಳ್ಳದೆ ಸುಮ್ನೆ ಒದ್ದಾಡಬೇಕಾಗುತ್ತದೆ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಇರುವುದಿಲ್ಲ, ಅದೂ ಬೇಕಾದರೆ ಹಾಕಿಕೊಳ್ಳಬೇಕಾದದ್ದೇ. 'ಎಸ್‌ಯು' ಕೊಟ್ಟು ರೂಟ್ (ಅಡ್ಮಿನ್) ಆಗಿ. ಆಗಲು ಬಿಡದಿದ್ದರೆ ನಿಮ್ಮ ಯೂಸರ್ 'ವ್ಹೀಲ್' ಗುಂಪಿನಲ್ಲಿ ಇಲ್ಲ ಅಂತ ಅರ್ಥ.

ಡಿಸ್ಕಿನ ಫೈಲ್ ಸಿಸ್ಟಂ ಝಡ್‌ಎಫ್‌ಎಸ್ ಆಗಿದ್ದರೆ ಇನ್ನೊಂದು ಕೆಲಸ ಮಾಡಿ, ದಯವಿಟ್ಟು ಬಿಡಬೇಡಿ. 'ಬಿಇಸಿಟಿಎಲ್ ಕ್ರಿಯೇಟ್' ಅಂತ ಹೊಡೆದು ಮುಂದೆ ಒಂದು ಹೆಸರು ಕೊಡಿ, ನಾನು 'ಮುಂಚೆ' ಅಂತ ಕೊಟ್ಟಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈಗಿನ ಸಿಸ್ಟಂ, ಹಾಕಿರುವ ಪ್ಯಾಕೇಜ್‌ಗಳ ಸಮೇತ, ಹಾಗೇ ಒಂದು ಪ್ರತಿಯಾಗಿ ಉಳಿಯುತ್ತದೆ. ಮುಂದೆ ಏನಾದರೂ ಕೆಟ್ಟರೆ ಬೂಟ್ ಮೆನುವಿನಲ್ಲಿ ಆ ಹೆಸರು ಆರಿಸಿದರೆ ಆಯಿತು, ಹಿಂದಿನ ಸ್ಥಿತಿಗೆ ಬರುತ್ತೀರಿ. ಇನ್‌ಸ್ಟಾಲರ್ ಮಾಡಿಕೊಡುವ ಮಾಮೂಲಿ ವಿಂಗಡಣೆಯಲ್ಲಿ ನಿಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರ್ ಬೇರೆಯೇ ಇರುತ್ತದೆ, ಹಾಗಾಗಿ ನಿಮ್ಮ ಡೇಟಾ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ನಾನು ಇಲ್ಲಿ ಧೈರ್ಯವಾಗಿ ಪ್ರಯೋಗ ಮಾಡಿದ್ದು ಇದೊಂದರ ಬಲದಿಂದ.

ಈಗ ಹಾಕುವ ಕೆಲಸ. ಪ್ಯಾಕೇಜ್ ಮ್ಯಾನೇಜರಿನ ಹೆಸರು ಪಿಕೆಜಿ, ಮೂರೇ ಅಕ್ಷರ. ಹೊಸ ಮೆಶಿನ್ ಆದರೆ ಮೊದಲ ಸಲ ಓಡಿಸಿದಾಗ ತಾನೇ ಇನ್ನೂ ಇಲ್ಲ, ತಂದು ಹಾಕಲೇ ಅಂತ ಕೇಳುತ್ತದೆ, ವೈ ಒತ್ತಿ. ಆಮೇಲೆ 'ಪಿಕೆಜಿ ಸರ್ಚ್ ಆಕ್ಟೇವ್' ಅಂತ ಹುಡುಕಿ. ಆಕ್ಟೇವ್ ಒಂದೇ ಅಲ್ಲ, 'ಆಕ್ಟೇವ್-ಫೋರ್ಜ್' ಅಂತ ಶುರುವಾಗುವ ಉದ್ದದ ಪಟ್ಟಿ ಬರುತ್ತದೆ. ಸ್ಟಾಟಿಸ್ಟಿಕ್ಸ್, ಐಒ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಬೇಕಾದ್ದನ್ನು ಇಲ್ಲಿಂದಲೇ ಹಾಕಿಕೊಳ್ಳಿ. 'ಪಿಕೆಜಿ ಇನ್‌ಸ್ಟಾಲ್ ಆಕ್ಟೇವ್' ಕೊಟ್ಟಾಗ ಎಷ್ಟು ಪ್ಯಾಕೇಜ್, ಎಷ್ಟು ಜಾಗ ಅಂತ ತೋರಿಸಿ ನಿಲ್ಲುತ್ತದೆ. ವೈ ಒತ್ತುವ ಮುಂಚೆ ಅದನ್ನು ಓದಿ. ಆಕ್ಟೇವ್ ತನ್ನ ಜೊತೆ ಕ್ಯೂಟಿ ಗ್ರಾಫಿಕ್ಸ್ ಲೈಬ್ರರಿ ಎಲ್ಲ ಎಳೆದು ತರುತ್ತದೆ, ಸಣ್ಣ ಡಿಸ್ಕ್ ಇದ್ದವರು ನೋಡಿಕೊಳ್ಳಬೇಕು.

ಆರ್ ಹಾಕುವಾಗ ಪ್ಯಾಕೇಜಿನ ಹೆಸರೇ ದೊಡ್ಡಕ್ಷರದ ಆರ್. ಓಡಿಸುವಾಗಲೂ ದೊಡ್ಡಕ್ಷರವೇ. ಗ್ರಾಫ್ ಬಿಡಿಸುವ ಜಿಜಿಪ್ಲಾಟ್2 ತರಹದ್ದು ಬೇಕಾದರೆ ಆರ್ ಒಳಗೆ ಹೋಗಿ 'ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್' ಕೊಡಬೇಡಿ. ಆರ್ ಪ್ಯಾಕೇಜ್‌ಗಳ ಭಂಡಾರವಾದ ಕ್ರ್ಯಾನ್‌ನಲ್ಲಿ ಸಿದ್ಧ ಬೈನರಿ ಇರುವುದು ವಿಂಡೋಸಿಗೆ ಮತ್ತು ಮ್ಯಾಕ್‌ಗೆ. ಇಲ್ಲಿ ಪ್ರತಿಯೊಂದೂ ಸೋರ್ಸಿನಿಂದ ಕಂಪೈಲ್ ಆಗಬೇಕು, ಹಳೇ ಮೆಶಿನ್‌ನಲ್ಲಿ ಒಂದು ಮಧ್ಯಾಹ್ನ ಅದಕ್ಕೇ ಹೋಗುತ್ತದೆ. ಪಿಕೆಜಿಯಲ್ಲಿ 'ಆರ್-ಕ್ರ್ಯಾನ್-ಜಿಜಿಪ್ಲಾಟ್2' ಅಂತ ಸಿದ್ಧವಾಗಿಯೇ ಇದೆ. ಮೊದಲು ಅಲ್ಲಿ ಹುಡುಕಿ, ಇಲ್ಲದಿದ್ದರೆ ಮಾತ್ರ ಕ್ರ್ಯಾನ್.

ನಾನು ಜಾಸ್ತಿ ಹೊತ್ತು ಕಳೆದುಕೊಂಡದ್ದು ಪೈಥಾನ್‌ನಲ್ಲಿ. ಅಭ್ಯಾಸದಂತೆ ಪೈಥಾನ್‌ನದೇ ಇನ್‌ಸ್ಟಾಲರ್ ಪಿಪ್ ಹಿಡಿದು 'ಪಿಪ್ ಇನ್‌ಸ್ಟಾಲ್ ಸೈಪೈ' ಅಂದೆ. ಎಲ್ಲೆಲ್ಲಿಂದಲೋ ಸೋರ್ಸ್ ತಂದು, ಪರದೆ ತುಂಬ ಸಾಲು ಸುರಿಸಿ, ಕೊನೆಗೆ ಫೋರ್ಟ್ರಾನ್ ಕಂಪೈಲರ್ ಸಿಗಲಿಲ್ಲ ಅಂತ ನಿಂತಿತು. ಕಾರಣ ಗೊತ್ತಾದ ಮೇಲೆ ಸರಳ. ಪಿಪ್ ಲಿನಕ್ಸಿಗೆ ಕೊಡುವ ಸಿದ್ಧ ಪ್ಯಾಕೇಜ್‌ಗಳು (ಇವಕ್ಕೂ ವ್ಹೀಲ್ ಅಂತಲೇ ಹೆಸರು, ಮೇಲೆ ಹೇಳಿದ ಗುಂಪು ಅಲ್ಲ) ಫ್ರೀಬಿಎಸ್‌ಡಿಗೆ ಆಗುವುದಿಲ್ಲ. ಹಾಗಾಗಿ ಅದು ಕಂಪೈಲ್ ಮಾಡಲು ಹೊರಡುತ್ತದೆ. ಸಿಸ್ಟಂ ಜೊತೆ ಬರುವ ಕಂಪೈಲರ್ ಕ್ಲ್ಯಾಂಗ್, ಅದರಲ್ಲಿ ಸಿ ಮತ್ತು ಸಿ++ ಇದೆ, ಫೋರ್ಟ್ರಾನ್ ಇಲ್ಲ. ಇದಕ್ಕೂ ಮದ್ದು ಪಿಕೆಜಿಯೇ. 'ಪಿಕೆಜಿ ಸರ್ಚ್ ನಮ್‌ಪೈ' ಅಂದರೆ 'ಪಿವೈ311-ನಮ್‌ಪೈ' ತರಹದ ಹೆಸರು ಕಾಣುತ್ತದೆ. ಆ 311 ಅಂದರೆ ಪೈಥಾನ್ 3.11. ನಿಮ್ಮಲ್ಲಿ ಬೇರೆ ಅಂಕಿ ಬರಬಹುದು, ಬಂದದ್ದನ್ನೇ ಹಾಕಿ. ಸೈಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಅದೇ ಅಂಕಿಯವು.

ಒಂದೊಂದು ಕೆಲಸದ ಪೈಥಾನ್ ಪ್ಯಾಕೇಜ್‌ಗಳನ್ನು ಬೇರೆ ಬೇರೆ ಇಡುವ ವರ್ಚುವಲ್ ಎನ್ವಿರಾನ್‌ಮೆಂಟ್ ಬೇಕು ಅನ್ನುವವರು ಅದನ್ನು ಮಾಡುವಾಗ 'ಸಿಸ್ಟಂ-ಸೈಟ್-ಪ್ಯಾಕೇಜಸ್' ಅನ್ನುವ ಆಪ್ಷನ್ ಸೇರಿಸಿ. ಆಗ ಪಿಕೆಜಿ ಹಾಕಿದ ಭಾರದ ಪ್ಯಾಕೇಜ್‌ಗಳು ಒಳಗೂ ಕಾಣುತ್ತವೆ, ಬರೀ ಪೈಥಾನ್‌ನಲ್ಲಿ ಬರೆದ ಸಣ್ಣಪುಟ್ಟವನ್ನು ಮಾತ್ರ ಪಿಪ್‌ನಿಂದ ತರಬಹುದು.

ಪೋರ್ಟ್ಸ್ ಅಂತ ಇನ್ನೊಂದು ದಾರಿಯೂ ಇದೆ, ಎಲ್ಲವನ್ನೂ ನಿಮ್ಮ ಮೆಶಿನ್ನಿನಲ್ಲೇ ಸೋರ್ಸಿನಿಂದ ಕಟ್ಟುವುದು. ಪಿಕೆಜಿಯಲ್ಲಿ ಸಿಗದ ಆಪ್ಷನ್ ಬೇಕಾದವರಿಗೆ ಮಾತ್ರ. ಹೊಸಬರಿಗೆ ಬೇಡ. ಎರಡನ್ನೂ ಬೆರೆಸಿದರೆ ಲೈಬ್ರರಿಗಳ ಆವೃತ್ತಿ ಒಂದಕ್ಕೊಂದು ತಾಳೆಯಾಗದೆ ತಲೆನೋವಾಗುತ್ತದೆ.

ಯಾರೋ ಬರೆದ ಸಿ ಪ್ರೋಗ್ರಾಂ ತಂದು ಕಟ್ಟಬೇಕಾಗಿ ಬಂದರೆ ಮೂರು ಕಡೆ ಎಡವುತ್ತೀರಿ. 'ಮೇಕ್' ಅಂದರೆ ಇಲ್ಲಿ ಬಿಎಸ್‌ಡಿಯ ಮೇಕ್, ಗ್ನೂ ಮೇಕ್‌ಗೆ ಬರೆದ ಫೈಲ್ ಅದಕ್ಕೆ ಅರ್ಥವಾಗುವುದಿಲ್ಲ, 'ಜಿಮೇಕ್' ಹಾಕಿಕೊಂಡು ಅದನ್ನು ಓಡಿಸಿ. ಬ್ಯಾಷ್ ಇರುವುದಿಲ್ಲ, ಹಾಕಿದ ಮೇಲೂ /ಬಿನ್‌ನಲ್ಲಿ ಇರುವುದಿಲ್ಲ. /ಬಿನ್/ಬ್ಯಾಷ್ ಅಂತ ಶುರುವಾಗುವ ಸ್ಕ್ರಿಪ್ಟ್, ಫೈಲ್ ಕಣ್ಣೆದುರಿಗೇ ಇದ್ದರೂ, ಸಿಗಲಿಲ್ಲ ಅನ್ನುತ್ತದೆ. ಮೊದಲ ಸಾಲನ್ನು /ಯುಎಸ್ಆರ್/ಬಿನ್/ಎನ್ವ್ ಬ್ಯಾಷ್ ಅಂತ ತಿದ್ದಿ. ಇನ್ನು ಹೆಡರ್ ಫೈಲ್ ಸಿಗಲಿಲ್ಲ ಅನ್ನುವುದು. ಪ್ಯಾಕೇಜ್ ಹಾಕಿದ್ದೀರಿ, ಆದರೂ ಇಲ್ಲ ಅನ್ನುತ್ತದೆ ಅಲ್ವಾ? ಅದು /ಯುಎಸ್ಆರ್/ಲೋಕಲ್/ಇನ್‌ಕ್ಲೂಡ್‌ನಲ್ಲಿ ಕೂತಿರುತ್ತದೆ, ಕಂಪೈಲರ್ ತಾನಾಗಿ ಅಲ್ಲಿ ಹುಡುಕುವುದಿಲ್ಲ. ಮೈನಸ್ ದೊಡ್ಡ ಐ ಹಾಕಿ ಆ ವಿಳಾಸ ಕೊಡಿ, ಲೈಬ್ರರಿಗೆ ಮೈನಸ್ ದೊಡ್ಡ ಎಲ್ ಹಾಕಿ /ಯುಎಸ್ಆರ್/ಲೋಕಲ್/ಲಿಬ್ ಕೊಡಿ. ಯಾವ ಫೈಲ್ ಎಲ್ಲಿ ಕೂತಿದೆ ಅಂತ ತಿಳಿಯದಿದ್ದರೆ 'ಪಿಕೆಜಿ ಇನ್ಫೋ ಮೈನಸ್ ಎಲ್' ಮುಂದೆ ಪ್ಯಾಕೇಜ್ ಹೆಸರು ಕೊಡಿ, ಪೂರ್ತಿ ಪಟ್ಟಿ ಬರುತ್ತದೆ.

ಎಲ್ಲ ಹಾಕಿದ ಮೇಲೆ ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಮಾಡಿ ನೋಡಿ. ನಾನು ಅಪ್ಪನ ಡೈರಿಯ ಒಂದೇ ದಿನ ತೆಗೆದುಕೊಂಡೆ, 3 ಇಂಚು 40 ಸೆಂಟು. ಅಂದರೆ 3.40 ಇಂಚು, 25.4ರಿಂದ ಗುಣಿಸಿದರೆ 86.36 ಮಿಲಿಮೀಟರ್. ಕಾಗದದ ಮೇಲೂ ಆರ್‌ನಲ್ಲೂ ಅದೇ ಬಂತು. ಡೈರಿ ಟೈಪ್ ಮಾಡುವವರು ಒಂದನ್ನು ನೆನಪಿಡಿ, 3 ಇಂಚು 5 ಸೆಂಟು ಅಂದರೆ 3.05, 3.5 ಅಲ್ಲ. ಟೈಪ್ ಮಾಡಿದ್ದನ್ನು ಅಪ್ಪನಿಗೆ ಓದಿ ಹೇಳುವಾಗ "ಮೂರೂವರೆ ಇಂಚಾ? ಅವತ್ತು ಅಷ್ಟು ಮಳೆ ಎಲ್ಲಿ ಬಂತು ಮಾರಾಯ?" ಅಂತ ಅವರೇ ಹಿಡಿದರು.

ಗ್ರಾಫ್ ಬಿಡಿಸುವಾಗ ತಿಂಗಳನ್ನು ಅಂಕಿಯಲ್ಲೇ ಇಡಿ, ಹೆಸರು ಆಮೇಲೆ ಕೊಟ್ಟರಾಯಿತು. ಇಂಗ್ಲಿಷ್ ಹೆಸರಿನಲ್ಲೇ ಇಟ್ಟರೆ ಅಕ್ಷರ ಕ್ರಮದಲ್ಲಿ ಜೋಡಿಸಿ ಏಪ್ರಿಲನ್ನು ಮೊದಲು ತಂದು ಕೂರಿಸುತ್ತದೆ. ಹೆಸರನ್ನು ಕನ್ನಡದಲ್ಲಿ ಕೊಟ್ಟಾಗ ಖಾಲಿ ಚೌಕಗಳು ಬಂದರೆ ಮೆಶಿನ್ನಿನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ. ನಿಮ್ಮ ಬಳಿ ಇರುವ ಯೂನಿಕೋಡ್ ಕನ್ನಡ ಫಾಂಟ್ ಫೈಲನ್ನು ಹೋಮ್ ಒಳಗೆ 'ಡಾಟ್ ಫಾಂಟ್ಸ್' ಅನ್ನುವ ಫೋಲ್ಡರ್ ಮಾಡಿ ಹಾಕಿ, 'ಎಫ್‌ಸಿ-ಕ್ಯಾಶ್ ಮೈನಸ್ ಎಫ್' ಓಡಿಸಿ, ಆರ್ ಮುಚ್ಚಿ ಮತ್ತೆ ತೆರೆಯಿರಿ. ಚಿತ್ರ ಉಳಿಸುವಾಗ ಪಿಎನ್‌ಜಿಯ ಟೈಪ್ 'ಕೈರೋ' ಅಂತ ಕೊಡಿ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಎರಡನ್ನೂ ಹತ್ತಿರದಿಂದ ನೋಡಿ. ಒತ್ತಕ್ಷರ ತನ್ನ ಜಾಗದಲ್ಲಿ ಕೂತಿದ್ದರೆ ಉಳಿದ ತಿಂಗಳೂ ಸರಿಯಾಗಿರುತ್ತವೆ, ಪ್ರಿಂಟ್ ತೆಗೆಯಬಹುದು.