ಬಾಲನಟರು ದೊಡ್ಡವರಾಗಿ ಮತ್ತೆ ಬಣ್ಣ ಹಚ್ಚುವ ಮುನ್ನ

ಪುನೀತ್ ರಾಜ್‌ಕುಮಾರ್ ಬಾಲನಟನಾಗಿದ್ದ ‘ಬೆಟ್ಟದ ಹೂವು’ ಬಂದದ್ದು 1985ರಲ್ಲಿ, ನಾಯಕನಾಗಿ ‘ಅಪ್ಪು’ 2002ರಲ್ಲಿ. ‘ಕೊಟ್ರೇಶಿ ಕನಸು’ವಿನ ಬಾಲನಟ ವಿಜಯ್ ರಾಘವೇಂದ್ರ ನಾಯಕರಾದದ್ದೂ ಅದೇ 2002ರಲ್ಲಿ. ಸಿನಿಮಾ ಮನೆತನದವರಿಗೇ ಇಷ್ಟು ಕಾಲ ಹಿಡಿಯಿತು. ಹದಿನಾರು, ಹದಿನೇಳರಲ್ಲಿ ಪಾತ್ರ ಸಿಗದಿದ್ದರೆ ಗಾಬರಿಯಾಗಬೇಡಿ. ಮಗುವಿನ ಪಾತ್ರಕ್ಕೆ ಎತ್ತರ ಜಾಸ್ತಿ, ನಾಯಕನ ಪಾತ್ರಕ್ಕೆ ಮುಖ ಇನ್ನೂ ಎಳಸು, ಅಷ್ಟೇ.

18 ತುಂಬಿದ ಕೂಡಲೇ ದುಡ್ಡಿನ ಲೆಕ್ಕ ನೋಡಿ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಬಾಲ ಕಲಾವಿದರ ಸಂಭಾವನೆಯಲ್ಲಿ ಕನಿಷ್ಠ ಶೇ 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಎಫ್‌ಡಿ ಆಗಬೇಕು. ಆ ರಸೀದಿಗಳನ್ನು ಅಪ್ಪ ಅಮ್ಮನ ಹತ್ತಿರ ಕೇಳಿ ಪಡೆಯಿರಿ. ಮೈನರ್ ಖಾತೆಗೆ ನಿಮ್ಮದೇ ಕೆವೈಸಿ, ಸಹಿ ಕೊಡಿ, ಇಲ್ಲದಿದ್ದರೆ ವಹಿವಾಟು ನಿಂತುಹೋಗುತ್ತದೆ. ಮೈನರ್ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ, ಅದನ್ನೂ ತಿದ್ದಿಸಿ. ಪೇಮೆಂಟಿನಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸದೆ ಆ ಹಣ ವಾಪಸ್ ಬರದು.

ಇನ್ನು ನಟನೆ. ಕಷ್ಟ ಇರುವುದೇ ಇಲ್ಲಿ. ಸೀರಿಯಲ್ ಸೆಟ್ಟಿನಲ್ಲಿ ಬೆಳೆದವರಿಗೆ ಪ್ರಾಂಪ್ಟಿಂಗ್, ಅಂದರೆ ಪಕ್ಕದಿಂದ ಒಬ್ಬರು ಮಾತು ಹೇಳಿಕೊಡುವುದು, ರಕ್ತಕ್ಕೇ ಇಳಿದಿರುತ್ತದೆ. ಮಾತಿಗೆ ಮೊದಲು ಅರೆಕ್ಷಣ ತಡೆ, ಕಣ್ಣು ಎದುರಿನ ನಟನನ್ನು ಬಿಟ್ಟು ಪ್ರಾಂಪ್ಟರ್ ಇರುವ ದಿಕ್ಕಿಗೆ. ಆಡಿಷನ್‌ನಲ್ಲಿ ಪ್ರಾಂಪ್ಟರ್ ಇರುವುದಿಲ್ಲ, ಆದರೂ ಕಿವಿ ಕಾಯುತ್ತಲೇ ಇರುತ್ತದೆ. ಇದನ್ನು ಬಿಡಿಸಲು ಎರಡು ಪುಟದ ದೃಶ್ಯವೊಂದನ್ನು ಎದುರಿನವರ ಮಾತೂ ಸೇರಿಸಿ ಕೈಯಲ್ಲಿ ಬರೆದುಕೊಳ್ಳಿ. ಮೊದಲು ಯಾವ ಭಾವವೂ ಇಲ್ಲದೆ ಗಟ್ಟಿಯಾಗಿ ಒಪ್ಪಿಸಿ. ಆಮೇಲೆ ಗೆಳೆಯರೊಬ್ಬರು ಪ್ರತಿ ಸಲವೂ ವೇಗ ಬದಲಿಸಿ ಎದುರು ಮಾತಾಡಲಿ, ಆಗ ಕೇಳಿಸಿಕೊಳ್ಳದೆ ವಿಧಿಯಿಲ್ಲ.

ಇನ್ನೊಂದು ಚಾಳಿ ಮುದ್ದು ಮುದ್ದಾಗಿ ನಟಿಸುವುದು. ಹುಬ್ಬೇರಿಸುವುದು, ವಾಕ್ಯದ ಕೊನೆ ಎಳೆಯುವುದು. ಎಂಟರ ವಯಸ್ಸಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇ ಇಪ್ಪತ್ತರಲ್ಲಿ ಓವರ್ ಆ್ಯಕ್ಟಿಂಗ್. ಫೋನಿನಲ್ಲಿ ಕ್ಲೋಸಪ್ ಚಿತ್ರೀಕರಿಸಿ, ಧ್ವನಿ ಬಂದ್ ಮಾಡಿ ನೋಡಿ. ಪ್ರತಿ ಮಾತಿಗೂ ಹುಬ್ಬು ಕುಣಿದರೆ ಮತ್ತೆ ಮಾಡಿ. ಚಿಕ್ಕಂದಿನಲ್ಲಿ ನಿಮಗೆ ಬೇರೆಯವರು ಡಬ್ ಮಾಡಿದ್ದರೆ ನಿಮ್ಮ ದನಿ ನಿರ್ದೇಶಕರಿಗೆ ಗೊತ್ತೇ ಇರುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ದನಿ ಒಡೆಯುವ ಕಾಲದಲ್ಲಿ ಕಿರುಚಿ ಸಾಧನೆ ಮಾಡಲು ಹೋಗಬೇಡಿ. ವರ್ಷ ಕೊಡಲು ಸಾಧ್ಯವಿದ್ದರೆ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿ, ಅಲ್ಲಿ ನೀವು ಕಸ ಗುಡಿಸುವ ವಿದ್ಯಾರ್ಥಿಯೇ ಹೊರತು ಸ್ಟಾರ್ ಅಲ್ಲ.

ಶೋರೀಲ್, ಅಂದರೆ ನಿಮ್ಮ ನಟನೆಯ ತುಣುಕುಗಳನ್ನು ಜೋಡಿಸಿದ ವಿಡಿಯೊ, ತೊಂಬತ್ತು ಸೆಕೆಂಡ್ ಸಾಕು. ಬಾಲ್ಯದ ತುಣುಕು ಹತ್ತು ಸೆಕೆಂಡ್ ದಾಟದಿರಲಿ, ಅದೂ ಕೊನೆಯಲ್ಲಿ. ಮೊದಲಿಗಿಟ್ಟರೆ ನೋಡುವವರ ತಲೆಯಲ್ಲಿ ಆ ಮಗುವೇ ಕೂರುತ್ತದೆ. ಫೋಟೊಗಳಿಗೆ ಫಿಲ್ಟರ್ ಬೇಡ. ನೇರ ಮುಖ, ಎಡ, ಬಲ, ಪೂರ್ತಿ ನಿಲುವು ಇದ್ದರಾಯಿತು. ಹೆಸರಿನ ಹಿಂದಿನ ‘ಮಾಸ್ಟರ್’, ‘ಬೇಬಿ’ ತೆಗೆದುಬಿಡಿ.

ಅವಕಾಶ ಸಿಕ್ಕರೆ ಅಗ್ರಿಮೆಂಟ್ ಈ ಸಲ ನೀವೇ ಓದಿ. ಸೀರಿಯಲ್ ಆದರೆ ತಿಂಗಳಿಗೆ ಎಷ್ಟು ದಿನ, ದಿನಕ್ಕೆ ಎಷ್ಟು ಸಂಭಾವನೆ, ಪೇಮೆಂಟ್ ಎಷ್ಟು ದಿನದೊಳಗೆ, ಬೇರೆ ಚಾನೆಲ್‌ನಲ್ಲಿ ನಟಿಸದಂತೆ ತಡೆ ಎಷ್ಟು ತಿಂಗಳು ಎಂಬುದು ಬರಹದಲ್ಲಿರಬೇಕು. ಪಾತ್ರ ಮಧ್ಯದಲ್ಲೇ ಮುಗಿದರೂ ಆ ತಡೆ ಮುಂದುವರಿಯುತ್ತದೆಯೇ ಎಂದು ಸಹಿಗೆ ಮೊದಲೇ ಕೇಳಿ.